ಮೇಷ್ಟ್ರ ಮಣೆ

ಆ ಮನೆಯನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಒಂದು ಬೆಳಕಿನ ಕಂಬ. ಶಿರಾದಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಗೋಡೆ ಮೊಳ ದಪ್ಪ, ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ, ಬೆಳಕಿಗೆಂದು ಮಾಳಿಗೆಯಲ್ಲಿ ಒಂದೇ ಒಂದು ಗವಾಕ್ಷಿ. ಬೆಳಿಗ್ಗೆ ಅದರಿಂದ ಇಳಿದ ಬಿಸಿಲು ಪಡುವಣ ಗೋಡೆಗೆ ಒರಗಿ ನಿಂತಿರುತ್ತಿತ್ತು. ಅವ್ವ ಮುದ್ದೆ ತೊಳಸುವ ಹೊತ್ತಿಗೆ ನೆಲಕ್ಕಿಳಿದು, ರಾಗಿ ತುಂಬಿದ ಮಣ್ಣಿನ ವಾಡೆಯ ಸೊಂಟ ಸವರಿ, ಮಧ್ಯಾಹ್ನವಾಗುತ್ತಿದ್ದಂತೆ ಪಡಸಾಲೆಯಲ್ಲಿ ಎದುರುಬದುರು ಇಟ್ಟಿದ್ದ ಎರಡು ಮಣೆಗಳ ಮೇಲೆ ಬಂದು ಕೂರುತ್ತಿತ್ತು. ಕಡಲೆಕಾಯಿ ಸುಲಿಯುವ ದಿನಗಳಲ್ಲಿ ಅದರೊಳಗೆ ದೂಳು ಏಳುತ್ತ ಇಳಿಯುತ್ತ, ಎಲ್ಲಿಗೂ ಹೋಗುವ ಅವಸರವಿಲ್ಲದೆ ಈಜುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ನಾನು ಆ ದೂಳಿನ ಕಣಗಳನ್ನು ಎಣಿಸಲು ನೋಡುತ್ತಿದ್ದೆ. ನೂರು ದಾಟುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಎದ್ದಾಗ ಬೆಳಕು ಮಣೆಗಳನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು, ಮಣೆಗಳ ಮೇಲೆ ಯಾರೋ ಕುಳಿತು ಮಾತಾಡುತ್ತಿರುತ್ತಿದ್ದರು.

ಎಣಿಸುವುದು ನನ್ನ ಚಾಳಿ. ಯಾರು ಕಲಿಸಿದರೋ ತಿಳಿಯದು. ಎರಡು ಕಡೆಯೂ ಬರೆಯಲು ಬರುವಂಥ ಕಾಗದಗಳನ್ನು ಅಪ್ಪ ಗೋಣಿದಾರದಿಂದ ಹೊಲಿದು ಒಂದು ಪುಸ್ತಕ ಮಾಡಿಕೊಟ್ಟಿದ್ದ. ಅದರಲ್ಲಿ ದಿನ, ವಾರ, ಗಾಳಿಯೋ ಮೋಡವೋ ಎಂಬುದು, ಆಮೇಲೆ ಆ ದಿನದ ಗೀಟುಗಳು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಅವ್ವ ಎಷ್ಟು ಮುದ್ದೆ ಕಟ್ಟಿದಳು, ಅಪ್ಪ ಎಷ್ಟು ಮಾತಾಡಿದ (ಒಂದು ದಿನ ಹನ್ನೊಂದು ಮಾತು, ಅದರಲ್ಲಿ ಆರು ಎತ್ತಿಗೆ), ಪಕ್ಕದ ಮನೆಯ ಕೋಳಿ ನಮ್ಮ ಜಗಲಿಗೆ ಎಷ್ಟು ಸಲ ಹತ್ತಿತು, ಎಲ್ಲವೂ ಅಲ್ಲಿದ್ದವು. ಮಣೆಗೆ ಎಷ್ಟು ಜನ ಬಂದರು ಎಂಬುದಕ್ಕೆ ಬೇರೆ ಪುಟ.

ಮಣೆಗಳ ಕಾರುಬಾರು ಅತ್ತೆಯದು. ಹನುಮಕ್ಕತ್ತೆ ಅಪ್ಪನ ಅಕ್ಕ. ಅವಳ ಗಂಡ ಪಾವಗಡದ ಆಚೆ, ವೈ.ಎನ್.ಹೊಸಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಸ್ಕೂಲು ಮೇಷ್ಟ್ರಾಗಿದ್ದವರು. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ತಗಡಿನ ಪೆಟ್ಟಿಗೆ, ಬಾಯಿತುಂಬ ತೆಲುಗು, ಗಂಡ ಊಟಕ್ಕೆ ಕೂರುತ್ತಿದ್ದ ಒಂದು ಹೊನ್ನೆ ಮಣೆ, ಇಷ್ಟನ್ನು ತೆಗೆದುಕೊಂಡು ತಮ್ಮನ ಮನೆಗೆ ಬಂದಳು. ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ಸ್ಕೂಲನ್ನು ಒಳಗಿನಿಂದ ಬಲ್ಲವಳು. ಹಾಜರಿ ಪುಸ್ತಕ ಯಾವಾಗ ಮುಚ್ಚುತ್ತಾರೆ, ಇನ್ಸ್‌ಪೆಕ್ಟರು ಬರುವ ವಾರ ಮೇಷ್ಟ್ರುಗಳ ಮುಖ ಹೇಗಿರುತ್ತದೆ, ಹಸಿದ ಮೇಷ್ಟ್ರ ಹತ್ತಿರ ಯಾಕೆ ಏನನ್ನೂ ಕೇಳಬಾರದು, ಎಲ್ಲವೂ ಅವಳಿಗೆ ಗೊತ್ತಿತ್ತು. ಹೀಗಾಗಿ ಸರ್ಕಾರಿ ಸ್ಕೂಲಿನಲ್ಲಿ ಏನೇ ತೊಡಕಾದರೂ ಜನ ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಮಗುವನ್ನು ಸೇರಿಸಿಕೊಳ್ಳಲಿಲ್ಲ, ಹುಟ್ಟಿದ ದಿನ ತಪ್ಪು ಬರೆದರು, ಫೇಲು ಮಾಡಿದರು, ಟಿ.ಸಿ. ಕೊಡುತ್ತಿಲ್ಲ, ಹೊಡೆದರು. ಮದಲೂರಿನಿಂದ ನಡೆದು ಬಂದವರಿದ್ದರು, ಮಧುಗಿರಿಯಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು, ಒಮ್ಮೆ ಕೊರಟಗೆರೆಯಿಂದ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಂದು, ಯಾರ ತಪ್ಪಿನಿಂದ ಮಗ ಓದುತ್ತಿಲ್ಲವೆಂದು ನಮ್ಮ ಜಗಲಿಯ ಮೇಲೆಯೇ ಜಗಳವಾಡಿ ಹೋಗಿದ್ದರು.

ಬಂದವರು ಮುಂಬಾಗಿಲಿನಿಂದ ಬರಬೇಕು. ನೀರು, ಒಂದು ಚೂರು ಬೆಲ್ಲ. ಆಮೇಲೆ ನಮ್ಮ ಮನೆಯದೇ ಆದ ಇನ್ನೊಂದು, ಬೇವಿನ ಮಣೆಯ ಮೇಲೆ ಕುಳಿತು ತಮ್ಮ ಸಂಕಟ ಹೇಳಿಕೊಳ್ಳಬೇಕು. ಅತ್ತೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವರದು ಮುಗಿದ ಮೇಲೆ ಎದುರಿನ ಹೊನ್ನೆ ಮಣೆ ತೋರಿಸುತ್ತಿದ್ದಳು. ಮದಲೂರಿನ ಕರಿಯಕ್ಕ ಮಗನಿಗೆ ಮೇಷ್ಟ್ರು ಹೊಡೆದರೆಂದು ಬಂದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಈಗ ಎದ್ದು ಆ ಮಣೆ ಮ್ಯಾಲೆ ಕುಂತ್ಕೋ."

"ಅದ್ಯಾರ್ದಕ್ಕಾ?"

"ಮೇಷ್ಟ್ರುದು. ಈಗ ನೀನೇ ಮೇಷ್ಟ್ರು. ಹೇಳಪ್ಪಾ ಮೇಷ್ಟ್ರೇ, ಯಾಕ್ ಹೊಡ್ದೆ ನಮ್ ಹುಡುಗುನ್ನ?"

ಕರಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾಚಿಕೊಂಡೇ ಹೋಗಿ ಕುಳಿತಳು. ಕುಳಿತವಳ ಬೆನ್ನು ತಾನಾಗಿ ನೆಟ್ಟಗಾಯಿತು, ಇಲ್ಲದ ಮೀಸೆಯ ಮೇಲೆ ಕೈ ಹೋಯಿತು.

"ಯಾಕಾ? ಒಂದ್ ರೂಮ್ನಾಗೆ ಐವತ್ತು ಮಕ್ಳವೆ. ನಿನ್ ಮಗ ಕಿಟಕಿ ಹತ್ತಿ ಕುಂತವ್ನೆ. ಇಳೀಲಾ ಅಂದ್ರೆ ಕೋತಿ ಅಂಗೆ ಹಲ್ಲು ಕಿರೀತಾನೆ. ಅವ್ನು ಬಿದ್ದು ಕಾಲು ಮುರ್ಕಂಡ್ರೆ ನೀನು ಯಾರ್ನ ಬೈತೀಯ? ನನ್ನೇ ತಾನೆ?" ಎಂದು ಜೋರು ಮಾಡಿದವಳು ತಟ್ಟನೆ ನಿಂತು, ತನ್ನದೇ ದನಿಯಲ್ಲಿ ಹೇಳಿದಳು. "ಅಯ್ಯೋ, ಮನೇಲೂ ಇಂಗೇ ಮಾಡ್ತಾನೆ ಕಣಕ್ಕಾ. ಮೊನ್ನೆ ಮಾಳಿಗೆ ಮ್ಯಾಲಿಂದ ದುಮುಕ್ಬುಟ್ಟ."

ಆಮೇಲೆ ಅತ್ತೆ ಅವಳೊಂದಿಗೆ ಸ್ಕೂಲಿಗೆ ಹೋದಳು, ಮಧ್ಯಾಹ್ನದ ಊಟದ ಗಂಟೆ ಹೊಡೆದು ಅರ್ಧ ತಾಸು ಕಳೆದ ಮೇಲೆ. ಹೋಗಿ ಒಂದೇ ಒಂದು ಮಾತು ಕೇಳುತ್ತಿದ್ದಳು, ಎರಡು ಕೇಳುತ್ತಿರಲಿಲ್ಲ. ಆ ದಿನ ಕೇಳಿದ್ದು, ಹುಡುಗನನ್ನು ಕಿಟಕಿಯಿಂದ ದೂರದ ಸಾಲಿನಲ್ಲಿ ಕೂರಿಸಿ ಎಂದು.

ಇದೆಲ್ಲ ಅವ್ವನಿಗೆ ಸೇರುತ್ತಿರಲಿಲ್ಲ. ಇದು ಮನೆಯೋ ಛತ್ರವೋ ಎಂದು ಒಲೆಯ ಮುಂದೆ ಕುಳಿತೇ ಗೊಣಗುತ್ತಿದ್ದಳು. ಮಧ್ಯಾಹ್ನಕ್ಕೆಂದು ಉಳಿಸಿದ ಮಜ್ಜಿಗೆ ಬಂದವರ ಪಾಲಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಜಗಳ ಹಿತ್ತಾಳೆ ಚೊಂಬಿನದು. ಬಳೆ ಅಂಗಡಿಯ ಕರೀಂ ಸಾಬರು ಬಂದಾಗ ಅತ್ತೆ ಅವರಿಗೆ ಗೂಡಿನಲ್ಲಿಟ್ಟಿದ್ದ ಬೇರೆ ಲೋಟ ಕೊಡದೆ ಮನೆಯ ಚೊಂಬಿನಲ್ಲೇ ನೀರು ಕೊಟ್ಟಳು.

"ಅತ್ಗೆ, ಲೋಟ ಅಲ್ಲೇ ಇತ್ತಲ್ಲ!"

"ಇತ್ತು ಕಣೆ. ಚೊಂಬೂ ಇಲ್ಲೇ ಇತ್ತು."

ಅವರು ಹೋದ ಮೇಲೆ ಅವ್ವ ಚೊಂಬನ್ನು ಹುಣಸೆಹಣ್ಣು ಹಾಕಿ ಸರಭರ ಬೆಳಗಿದಳು, ಒಣಗಿಸಿ ಮತ್ತೆ ಬೆಳಗಿದಳು. ನಾನು ಬರೆದುಕೊಂಡೆ: ಚೊಂಬು, ಎರಡು ಸಲ.

ಕರೀಂ ಸಾಬರ ಮಗಳು ಜೈನಬಿ ಆ ವರ್ಷ ದಸರಾ ರಜೆ ಮುಗಿದ ಮೇಲೆ ನಮ್ಮ ಮಿಡ್ಲ್ ಸ್ಕೂಲಿಗೆ ಸೇರಿ ನನ್ನ ಪಕ್ಕ ಕುಳಿತಳು. ವಾರದಲ್ಲಿ ಎರಡು ದಿನ ಬರುತ್ತಿದ್ದಳು, ಒಮ್ಮೊಮ್ಮೆ ಮೂರು. ಬಂದ ದಿನವೆಲ್ಲ ಏದುಸಿರು ಬಿಡುತ್ತ ಹಿಂಬಾಗಿಲಿನಿಂದ ಒಳಗೆ ಜಾರಿ ನನ್ನ ಪಕ್ಕ ಬಂದು ಕೂರುತ್ತಿದ್ದಳು, ಅಂಗಡಿಯಲ್ಲಿ ಒಡೆದ ಬಳೆಯ ಒಂದು ಚೂರನ್ನು ನನ್ನ ಅಂಗೈಗೆ ಹಾಕುತ್ತಿದ್ದಳು. ಒಂದು ದಿನ ಒಂದೇ ಚೂರು. ಹಸಿರು, ಕೆಂಪು, ನೀಲಿ, ಚಿನ್ನದ ಚುಕ್ಕಿಯ ಕಪ್ಪು. ಅವುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತ, ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ ಕೊನೆಯ ಪುಟದಿಂದ ಅವುಗಳ ಲೆಕ್ಕ ಬರೆಯುತ್ತಿದ್ದೆ. ಸೋಮವಾರ, ಗಾಳಿ, ಹಸಿರು. ಬುಧವಾರ, ಮೋಡ, ನೀಲಿ. ಅವಳು ಬರದ ದಿನಕ್ಕೆ ಸೊನ್ನೆ. ಮಾತು ಕಡಿಮೆ ನಮ್ಮಿಬ್ಬರಲ್ಲಿ. ಪಾಠ ನಡೆಯುವಾಗ ಅವಳು ಬಳೆಚೂರನ್ನು ಕಣ್ಣಿಗೆ ಹಿಡಿದು ನನ್ನನ್ನು ನೋಡುತ್ತಿದ್ದಳು, ನಾನು ಇನ್ನೊಂದು ಹಿಡಿದು ಅವಳನ್ನು. ಹಸಿರು ಜೈನಬಿ, ಕೆಂಪು ಪುಟ್ಟರಂಗಿ, ಅಂದರೆ ನಾನು. ಹೊರಗೆ ಹುಣಸೆಮರದಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು, ಮೇಷ್ಟ್ರ ದನಿ ಎಲ್ಲೋ ನೀರಿನ ಆಚೆಯಿಂದ ಬಂದಂತೆ ಕೇಳುತ್ತಿತ್ತು.

ಆ ಮೇಷ್ಟ್ರು ಓಬಳಪ್ಪನವರು. ಪಾವಗಡದ ಕಡೆಯವರು, ಸಿಟ್ಟು ಬಂದರೆ ತೆಲುಗಿನಲ್ಲಿ ಎಣಿಸುತ್ತಿದ್ದರು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ದಸರಾ ಕಳೆದ ಮೇಲೆ ತಡವಾಗಿ ಬರತೊಡಗಿದರು. ಎರಡನೆಯ ಗಂಟೆಯೂ ಹೊಡೆದು, ನಾವು ಪ್ರಾರ್ಥನೆ ಮುಗಿಸಿ ಕುಳಿತು ಗಲಾಟೆ ಎಬ್ಬಿಸಿದ ಮೇಲೆ ಅವರ ಚಪ್ಪಲಿಯ ಸದ್ದು. ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಬಜಾರಿನ ಹೋಟೆಲಿನ ಹೊರಗೆ ಬೆಂಚಿನ ಮೇಲೆ ಅವರು ಪೇಪರ್ ಹಿಡಿದು ಕುಳಿತಿರುವುದನ್ನು ನೋಡುತ್ತಿದ್ದೆ. ಒಳಗೊಳಗೆ ಕುದಿಯುತ್ತಿದ್ದೆ. ಎಲ್ಲರ ಮನೆಯ ಮಕ್ಕಳ ಸಂಕಟ ನಮ್ಮ ಪಡಸಾಲೆಗೆ ಬರುವುದನ್ನು ನೋಡಿ ಬೆಳೆದವಳು ನಾನು. ಇದೂ ಒಂದು ಸಂಕಟ ಎಂದುಕೊಂಡೆ. ಪುಸ್ತಕದ ಮುಂದಿನ ಪುಟಗಳಲ್ಲಿ ಗೀಟು ಹಾಕತೊಡಗಿದೆ. ಗುರುವಾರ, ಬಿಸಿಲು. ಮೇಷ್ಟ್ರು ತಡ. ಹೋಟೆಲ್, ಪೇಪರ್.

ಇಪ್ಪತ್ತೇಳನೆಯ ಗೀಟು ಹಾಕಿದ ದಿನ ಹೆಡ್ ಮೇಷ್ಟ್ರು ಗಲಾಟೆ ಕೇಳಿ ನಮ್ಮ ಕ್ಲಾಸಿಗೆ ಬಂದರು. ಮುಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು ಕೂಗಿದ:

"ಸಾರ್, ಮೇಷ್ಟ್ರು ಲೇಟಾಗಿ ಬರೋದ್ನ ಪುಟ್ಟರಂಗಿ ಬರ್ಕಂತಾಳೆ ಸಾರ್!"

ಅವರು ಪುಸ್ತಕ ಕಿತ್ತುಕೊಂಡು ಗಟ್ಟಿಯಾಗಿ ಓದಿದರು. ದಿನ, ವಾರ, ಹೋಟೆಲು, ಪೇಪರು. ಹುಡುಗರು ನಕ್ಕರು. ಓಬಳಪ್ಪ ಮೇಷ್ಟ್ರು ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಅವರು ಎಷ್ಟು ಹೊತ್ತಿನಿಂದ ನಿಂತಿದ್ದರೋ ನನಗೆ ತಿಳಿಯದು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಯಾವಾಗಲೂ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ ಪೇಪರನ್ನು ಅವರು ಮೆಲ್ಲನೆ ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಅದನ್ನು ನೋಡಿದ ಮೇಲೆ ನನ್ನ ಕಿವಿಗೆ ನಗು ಕೇಳಿಸಲಿಲ್ಲ.

ಸಂಜೆಗೆ ಅಪ್ಪನನ್ನು ಕರೆಸಿದರು. ಅಪ್ಪ ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ಬಂದು ಪಡಸಾಲೆಯಲ್ಲಿಟ್ಟ.

"ಮೇಷ್ಟ್ರಿಗೇ ಹಾಜರಿ ತಗಣಾ ಹುಡುಗಿ ನಮ್ಗೆ ಬ್ಯಾಡ ಅಂದ್ರು. ಸೋಮವಾರ ಬಂದು ಟಿ.ಸಿ. ತಗಂಡೋಗಿ ಅಂದ್ರು. ಓಬಳಪ್ಪ ಮೇಷ್ಟ್ರು ಒಪ್ಪಿದ್ರೆ ಮಾತ್ರ ಕುಂಡ್ರಿಸ್ಕಂತಾರಂತೆ. ಅವ್ರು ನೋಡಿದ್ರೆ ಬಾಯೇ ಬಿಡಾಕಿಲ್ಲ."

ಅಷ್ಟು ಮಾತನ್ನು ಅಪ್ಪ ಒಂದೇ ಸಲ ಆಡಿದ್ದನ್ನು ನಾನು ಕೇಳಿರಲಿಲ್ಲ. ಎಣಿಸಲೂ ಇಲ್ಲ. ಅಂದು ಗುರುವಾರ. ಶಿರಾದಲ್ಲಿ ನನಗೆ ಇದ್ದದ್ದು ಅದೊಂದೇ ಸ್ಕೂಲು. ಮಧುಗಿರಿಯ ಕಡೆಯ ಒಂದು ಸಂಬಂಧದ ಮಾತು ಅವ್ವನ ಬಾಯಲ್ಲಿ ಆಗಲೇ ಎರಡು ಸಲ ಬಂದಿತ್ತು, ಪರೀಕ್ಷೆಯಾಗಲಿ ಎಂದು ಅಪ್ಪ ಎರಡು ಸಲವೂ ತಳ್ಳಿದ್ದ. ಸ್ಕೂಲೇ ಇಲ್ಲದ ಮೇಲೆ ಮೂರನೆಯ ಸಲ ತಳ್ಳಲು ಅವನ ಬಳಿ ಏನೂ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ಒಲೆಗಾಕು ಅದ್ನ," ಎಂದಳು ಅವ್ವ. "ಬರ್ದು ಬರ್ದು ಏನ್ ಕಟ್ಕಂಡ್ಲು?"

ನಾನು ಅತ್ತೆಯ ಮುಖ ನೋಡಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅತ್ತೆ, ನೀನು ಒಂದ್ ಮಾತು..."

"ನಮ್ಮನೆ ಮಾತ ನಾನಾಡಲ್ಲ ಮಗಾ. ಇವತ್ತು ನಿಂಗೋಸ್ಕರ ಹೋದ್ರೆ, ನಾಳೆ ಕರಿಯಕ್ಕುನ್ ಜೊತೆ ಹೋದಾಗ ಯಾರು ನನ್ ಮಾತು ಕೇಳ್ತಾರೆ? ನೀನೂ ಬೇಕಾದ್ರೆ ಎಲ್ರಂಗೆ ಬಾ."

ಮರುದಿನ ಮಧ್ಯಾಹ್ನ ನಾನು ಕೊಟ್ಟಿಗೆಯ ಬಾಗಿಲಿನಿಂದ ಹೊರಗೆ ಹೋದೆ. ಮನೆಯನ್ನು ಒಂದು ಸುತ್ತು ಹಾಕಿ ಬೀದಿಗೆ ಬಂದು, ನಮ್ಮದೇ ಜಗಲಿಯ ಮುಂದೆ ನಿಂತು, ಮುಂಬಾಗಿಲಿನ ಚಿಲುಕ ಅಲ್ಲಾಡಿಸಿದೆ. ಹೊರಗಿನಿಂದ ಆ ಬಾಗಿಲು ಎಷ್ಟು ಎತ್ತರ ಎಂದು ಆವತ್ತು ತಿಳಿಯಿತು. ಅತ್ತೆ ಬಂದು ತೆಗೆದಳು. ಗುರುತೇ ಇಲ್ಲದವಳಂತೆ ನೋಡಿ, "ಬಾರವ್ವ, ಯಾವ್ ಬೀದಿಯವಳು?" ಎಂದಳು. ಒಂದು ಚೊಂಬು ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೌಟು ಹಿಡಿದು ನಿಂತು ನಗಬೇಕೋ ಬೈಯಬೇಕೋ ತಿಳಿಯದೆ ನೋಡುತ್ತಿದ್ದಳು. ನಾನು ಬೇವಿನ ಮಣೆಯ ಮೇಲೆ ಕುಳಿತು ಎಲ್ಲ ಹೇಳಿಕೊಂಡೆ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದೆ. ಅತ್ತಾಯಿತು. ಅತ್ತೆ ಎದುರಿನ ಮಣೆ ತೋರಿಸಿದಳು.

ಹೊನ್ನೆ ಮಣೆ ಬಿಸಿಲಿಗೆ ಬೆಚ್ಚಗಾಗಿತ್ತು. ಅದರ ನಾಲ್ಕು ಮೂಲೆಯ ಹಿತ್ತಾಳೆ ಮೊಳೆಗಳು ಕಾಲಿಗೆ ತಾಕಿದವು. ಮೇಷ್ಟ್ರ ಹಾಗೆ ಕುತ್ತಿಗೆ ಓರೆ ಮಾಡಿ, ಕಂಕುಳಲ್ಲಿ ಇಲ್ಲದ ಪೇಪರು ಇಟ್ಟುಕೊಂಡೆ.

"ಹೇಳಿ ಮೇಷ್ಟ್ರೇ. ಯಾಕೆ ತಡ?"

"ನಾನು ಹೋಟೆಲ್ನಲ್ಲಿ ಪೇಪರ್ ಓದ್ತಿದ್ದೆ."

"ಯಾಕೆ?"

"ಓದೋಕ್ಕೆ..."

"ದಿನಾ ಓದ್ತೀರಾ?"

"ಇಲ್ಲ. ಕೆಲವು ದಿನ."

"ಯಾವ್ ಯಾವ್ ದಿನ?"

ಇಪ್ಪತ್ತೇಳು ಗೀಟು ಹಾಕಿದವಳಿಗೆ ಇದೊಂದು ಗೊತ್ತಿರಲಿಲ್ಲ. ಅತ್ತೆ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ ಮತ್ತೆ ಅವರೆಕಾಯಿಗೆ ಕೈ ಹಚ್ಚಿದಳು. ನಾನು ಪುಟ ತಿರುವಿದೆ. ಸೋಮವಾರ, ಗಾಳಿ. ಬುಧವಾರ, ಮೋಡ. ಈ ಗಾಳಿಯನ್ನು, ಈ ಮೋಡವನ್ನು ನಾನು ಇನ್ನೆಲ್ಲೋ ಓದಿದ್ದೇನೆ ಅನ್ನಿಸಿತು, ನಿದ್ದೆಯಲ್ಲಿ ಕೇಳಿದ ಮಾತು ಎಚ್ಚರವಾದ ಮೇಲೂ ಉಳಿದ ಹಾಗೆ. ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆರೆದೆ. ಸೋಮವಾರ, ಗಾಳಿ, ಹಸಿರು. ಬುಧವಾರ, ಮೋಡ, ನೀಲಿ. ಎದ್ದು ಹೋಗಿ ವಾಡೆಯ ಹಿಂದೆ ಬಚ್ಚಿಟ್ಟಿದ್ದ ಡಬ್ಬಿ ತಂದು ಬಳೆಚೂರುಗಳನ್ನು ಮಣೆಯ ಮೇಲೆ ಒಂದೊಂದಾಗಿ ಜೋಡಿಸಿದೆ. ಗವಾಕ್ಷಿಯ ಬೆಳಕು ಅವುಗಳೊಳಗಿಂದ ಹಾದು ಹೊನ್ನೆ ಮರದ ಮೇಲೆ ಹಸಿರು, ಕೆಂಪು, ನೀಲಿ ನೀರಿನ ಹಾಗೆ ಚೆಲ್ಲಿತು. ಇಪ್ಪತ್ತೇಳು ಚೂರು. ಮೇಷ್ಟ್ರು ತಡವಾದ ಒಂದೊಂದು ದಿನಕ್ಕೆ ಒಂದೊಂದು. ಸೊನ್ನೆ ಬಿದ್ದ ದಿನಗಳಲ್ಲೆಲ್ಲ ಮೇಷ್ಟ್ರು ಗಂಟೆಗೆ ಮೊದಲೇ ಬಂದಿದ್ದರು.

"ಜೈನಬಿನ ಮೇಷ್ಟ್ರೇ ಕರ್ಕೊಂಡ್ ಬತ್ತಾರೆ," ಎಂದೆ. ನನ್ನ ದನಿ ನನಗೇ ದೂರದಲ್ಲಿ ಕೇಳಿಸಿತು.

ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ನಾನು ಹೇಳ್ಲಿಲ್ಲ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ನಿನ್ ಪುಸ್ತಕ ಹೇಳ್ತು."

ದಸರಾಕ್ಕೆ ನನಗೆ ಬಳೆ ತರಲು ಅತ್ತೆ ಕರೀಂ ಸಾಬರ ಅಂಗಡಿಗೆ ಹೋಗಿದ್ದಾಗ ನಿಂತ ನಿಲುವಿನಲ್ಲೇ ಮುಗಿದ ಮಾತಂತೆ ಅದು. ಹುಡುಗಿಯನ್ನು ಓದಿಸುವ ಆಸೆ ಸಾಬರಿಗಿತ್ತು. ಆದರೆ ಅಂಗಡಿ ತೆರೆಯುವ ಹೊತ್ತಿನಲ್ಲಿ ಬಜಾರು ದಾಟಿಸಿ ಬಿಟ್ಟುಬರುವವರು ಯಾರೂ ಇರಲಿಲ್ಲ, ಒಬ್ಬಳೇ ಹೋಗಲು ಮನೆಯ ಹಿರಿಯರು ಬಿಡುತ್ತಿರಲಿಲ್ಲ. ಬೀದಿಯಲ್ಲಿ ಹಾದುಹೋಗುತ್ತಿದ್ದ ಓಬಳಪ್ಪ ಮೇಷ್ಟ್ರನ್ನು ಅತ್ತೆ ಕರೆದಳು, ಅವರು ವಾರಕ್ಕೆ ಎರಡು ಮೂರು ದಿನಕ್ಕೆ ಹೂಂ ಅಂದರು. ಇಪ್ಪತ್ತು ಹೆಜ್ಜೆ ಮುಂದೆ ಅವರು, ಹಿಂದೆ ಇವಳು. ನೋಡಿದವರಿಗೆ ಯಾರೋ ಯಾರೋ ಎನ್ನುವ ಹಾಗೆ. ಮೇಷ್ಟ್ರ ಜೊತೆ ಹುಡುಗಿ ಹೋಗುತ್ತಾಳೆಂದು ಮಾತು ಹುಟ್ಟಿದರೆ ಅವಳ ಓದು ಅಲ್ಲಿಗೆ ನಿಲ್ಲುತ್ತಿತ್ತು.

"ಆದ್ರೆ ತಡ ಯಾಕೆ ಅತ್ತೆ? ಬಜಾರ್ ಎಷ್ಟು ದೂರ?"

"ಅದೇ ನಂಗೂ ಹೊಳೀತಿಲ್ಲ ಕಣ್ ಮಗಾ."

ಶನಿವಾರ ಕರೀಂ ಸಾಬರು ಬಂದರು. ಅತ್ತೆ ಕೇಳಿದಳು. ಸಾಬರು ಗಡ್ಡ ಸವರಿಕೊಂಡರು.

"ಬೆಳಿಗ್ಗೆ ಮಸೀದಿ ಹಜ್ರತ್ ಹತ್ರ ಅರಬ್ಬಿ ಪಾಠ ಅಕ್ಕಾ. ಇಪ್ಪತ್ ಮಕ್ಳು ಕೂತ್ಕೋತಾರೆ. ಜೈನಬಿ ಕೊನೇಲಿ. ಅದು ಮುಗೀಬೇಕು, ಆಮೇಲೆ ಬಿಡ್ತಾರೆ. ಪಾಪ, ಮೇಷ್ಟ್ರು ಸಾಹೇಬ್ರು ಹೋಟೆಲ್ ಮುಂದೆ ಕೂತ್ಕೊಂಡಿರ್ತಾರೆ."

"ಇವ್ಳ ಪಾಠನೇ ಮೊದ್ಲು ತಗಳ್ಳಿ ಅಂತ ಹಜ್ರತ್‌ಗೆ ಹೇಳಾಕಾಗಲ್ವಾ?"

"ಆಗುತ್ತೆ. ಯಾಕಾಗಲ್ಲ? ಅವರು ನಮ್ ಮಾಮೂನೇ."

"ಮತ್ತೆ?"

"ಯಾರೂ ಕೇಳ್ಲಿಲ್ಲ ಅಕ್ಕಾ. ಮೇಷ್ಟ್ರು ಬರ್ತಾರೆ, ಕೂತ್ಕೋತಾರೆ. ಸ್ಕೂಲ್ ಟೈಮೇ ಅದಿರಬೇಕು ಅಂದ್ಕೊಂಡೆ ನಾನು."

ಅತ್ತೆ ಹಣೆ ಚಚ್ಚಿಕೊಂಡಳು. ಸಾಬರು ಚೊಂಬು ಎತ್ತಿ ನೀರು ಕುಡಿದು, ಸೋಮವಾರದಿಂದ ಪುಟ್ಟರಂಗಿಯೇ ಬಂದು ಕರೆದುಕೊಂಡು ಹೋದರೆ ಮನೆಯಲ್ಲಿ ಯಾರೂ ಬೇಡವೆನ್ನರು, ಹನುಮಕ್ಕನ ಮನೆಯ ಮಗು ಅಂದರೆ ಸಾಕು ಎಂದು ಹೇಳಿ ಹೊರಟರು. ನಾನು ಎಣಿಸುತ್ತಿದ್ದೆ. ಆ ದಿನ ಅವ್ವ ಚೊಂಬನ್ನು ಒಂದು ಸಲ ಬೆಳಗಿದಳು.

ಸಾಬರು ಹೋದ ಮೇಲೆ ಅತ್ತೆ ಬಹಳ ಹೊತ್ತು ಹೊನ್ನೆ ಮಣೆಯನ್ನೇ ನೋಡುತ್ತ ಕುಳಿತಿದ್ದಳು. ಬೆಳಕು ಅದನ್ನು ಬಿಟ್ಟು ಹೋಗಿತ್ತು.

"ನೋಡು, ಊರೋರ್ನೆಲ್ಲ ಮೇಷ್ಟ್ರ ಮಣೆ ಮ್ಯಾಲೆ ಕುಂಡ್ರಿಸ್ದೆ," ಎಂದಳು, ನನಗೋ ಮಣೆಗೋ. "ಒಂದು ದಿನಕ್ಕೂ ಒಬ್ಬ ಮೇಷ್ಟ್ರನ್ನ ಕರ್ದು ಕುಂಡ್ರಿಸ್ಲಿಲ್ಲ. ಈ ಓಬಳಪ್ಪ ಹೂಂ ಅಂದ್ನಲ್ಲ, ನಿಂಗೆ ಹೆಂಗಪ್ಪಾ ಅನುಕೂಲ ಅಂತ ಒಂದ್ ಮಾತು ಕೇಳ್ಲಿಲ್ಲ."

ಭಾನುವಾರ ಮಧ್ಯಾಹ್ನ ಓಬಳಪ್ಪ ಮೇಷ್ಟ್ರನ್ನು ಊಟಕ್ಕೆ ಕರೆದಳು. ಅವರು ಬಾಗಿಲಲ್ಲೇ ಬಗ್ಗಿ ನಿಂತರು, ಮಾಳಿಗೆ ಮನೆಯ ಬಾಗಿಲಿಗೆ ಅವರು ಉದ್ದ.

"ಏಮಕ್ಕಾ, ಬಾಗುಂಡಾರಾ?"

"ಬಾಗುಂಡಾಮು ನಾಯನಾ. ರಾ, ಕೂರ್ಚೋ."

ಕ್ಷೇಮ ಕೇಳಿದ್ದಕ್ಕೆ, ಬಾ ಕೂತ್ಕೋ ಎಂಬ ಉತ್ತರವೂ ತೆಲುಗಿನಲ್ಲೇ ಬಂದ ಕೂಡಲೇ ಮೇಷ್ಟ್ರ ಭುಜ ಸಡಿಲವಾಯಿತು. ಅತ್ತೆ ಹೊನ್ನೆ ಮಣೆ ಹಾಕಿದಳು. ಅಪ್ಪ ಅವಳ ಮುಖ ನೋಡಿದ. ಆ ಮಣೆಯ ಮೇಲೆ ಎಷ್ಟೋ ಜನ ಕುಳಿತು ಮೇಷ್ಟ್ರಾಗಿದ್ದರು. ಅತ್ತೆಯ ಗಂಡನ ನಂತರ ಅದರ ಮೇಲೆ ಕುಳಿತು ಊಟ ಮಾಡಿದವರು ಯಾರೂ ಇರಲಿಲ್ಲ. ಅವ್ವ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಮೇಷ್ಟ್ರು ಮೂರು ಮುದ್ದೆ ತಿಂದರು. ಅವರು ಕೈ ತೊಳೆದು ಬಂದು ಕುಳಿತ ಮೇಲೆ ಅತ್ತೆ ಹೇಳಿದಳು:

"ಹುಡುಗಿ ಮಾತಾಡಕ್ಕೆ ನಿಮ್ಮುನ್ನ ಕರೀಲಿಲ್ಲ ಮೇಷ್ಟ್ರೇ. ಅವ್ಳ ಮಾತು ಅವ್ಳದು. ನನ್ ತಪ್ಪು ಹೇಳ್ಕಳಕ್ಕೆ ಕರ್ದೆ. ಅಷ್ಟೊತ್ತು ಕಾಯ್ತೀರ ಅಂತ ಯಾಕ್ ಒಂದ್ ಮಾತು ಹೇಳ್ಲಿಲ್ಲ ನಂಗೆ?"

"ಏನಂತ ಹೇಳೋದಕ್ಕಾ? ಹೇಳಿದ್ರೆ ನೀವು ಬೇಡ ಬಿಡಿ ಅಂತಿದ್ರಿ. ಹುಡುಗಿ ಮನೇಲಿ ಉಳೀತಿತ್ತು."

"ಹೆಡ್ ಮೇಷ್ಟ್ರಿಗಾದ್ರೂ?"

"ಅವರಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ."

ಇನ್ನು ನನ್ನ ಸರದಿ. ನಾನು ವಾಡೆಯ ಪಕ್ಕದಿಂದ ಎದ್ದು ಬಂದು, ಅಭ್ಯಾಸ ಮಾಡಿಕೊಂಡಿದ್ದ ಮಾತೆಲ್ಲ ಮರೆತು, "ತಪ್ಪಾಯ್ತು ಸಾರ್, ಯಾಕೆ ಅಂತ ನಾನು ಬರೀಲಿಲ್ಲ" ಎಂದಷ್ಟೇ ಅಂದೆ. ಅತ್ತೆ ಮೇಷ್ಟ್ರಿಗೆ ಬೇವಿನ ಮಣೆ ತೋರಿಸಿದಳು.

"ಈ ಮನೆ ಪದ್ಧತಿ ನಿಮ್ಗೆ ಗೊತ್ತಲ್ಲ. ಈಗ ನೀವು ಪುಟ್ಟರಂಗಿ."

ಮೇಷ್ಟ್ರು ಗಾಬರಿಯಾಗಿ ಅಪ್ಪನ ಕಡೆ ನೋಡಿದರು. ಅಪ್ಪ ಮಾಳಿಗೆ ನೋಡಿದ. ಕೊನೆಗೆ ಎದ್ದು, ಉದ್ದನೆಯ ಕಾಲನ್ನು ಹೇಗೋ ಮಡಚಿ ಬೇವಿನ ಮಣೆಯ ಮೇಲೆ ಕುಳಿತರು. ಕಿವಿಯ ಮೇಲೆ ಇಲ್ಲದ ಪೆನ್ಸಿಲನ್ನು ತೆಗೆದು, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಕಿರಿದು ಮಾಡಿ ಅತ್ತೆಯನ್ನು ನೋಡಿ ಗಾಳಿಯಲ್ಲಿ ಒಂದು ಗೀಟು ಎಳೆದರು. ಅವ್ವ ಒಳಗಿನಿಂದ ಕಿಸಕ್ಕನೆ ನಕ್ಕಳು. ಅದು ನಾನೇ. ಹಾಗೆ ನಾಲಿಗೆ ಚಾಚುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಹೇಳು ಮಗಾ," ಎಂದಳು ಅತ್ತೆ ಅವರಿಗೆ. "ಯಾಕ್ ಬರೀತೀಯ ಇಷ್ಟೊಂದು?"

ಮೇಷ್ಟ್ರ ಮುಖದಲ್ಲಿ ನಗು ಇನ್ನೂ ಇತ್ತು. ಅದು ನಿಧಾನವಾಗಿ ಇಳಿಯಿತು. ಬೆಳಕು ಆಗ ಅವರ ಮೊಳಕಾಲಿನ ಮೇಲಿತ್ತು, ದೂಳು ಈಜುತ್ತಿತ್ತು. ಅವರು ಕೈಯಲ್ಲಿದ್ದ ಇಲ್ಲದ ಪೆನ್ಸಿಲನ್ನು ಹಾಗೇ ಹಿಡಿದುಕೊಂಡು, ಮೆಲ್ಲಗೆ, ನನ್ನ ಕಡೆ ನೋಡದೆ ಹೇಳಿದರು.

"ಈ ಮನೇಲಿ ಊರಿನ ಮಕ್ಕಳ ಮಾತೆಲ್ಲ ಕೇಳ್ತಾರೆ. ನನ್ನನ್ನ ಯಾರೂ ಕೇಳಲ್ಲ. ಅದಕ್ಕೇ ಬರೀತೀನಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಳು. ಅಪ್ಪ ಎದ್ದು ನನ್ನ ಹತ್ತಿರ ಬಂದ, ತಲೆಯ ಮೇಲೆ ಕೈಯಿಟ್ಟ, ಆಮೇಲೆ ಕೊಟ್ಟಿಗೆಯ ಕಡೆ ಹೋದ. ನನಗೆ ಮಾತ್ರ ಆ ಗಳಿಗೆಯಲ್ಲಿ ಮಣ್ಣಿನ ಮನೆ ತನ್ನ ಜಾಗದಿಂದ ಒಂದು ಬೆರಳು ಮೇಲೆ ಎದ್ದು ತೇಲಿದ ಹಾಗೆ, ವಾಡೆ, ಮಣೆ, ಮೇಷ್ಟ್ರು, ದೂಳು ಎಲ್ಲವೂ ಬಳೆಚೂರಿನೊಳಗಿಂದ ಕಂಡ ಹಾಗೆ ಅನ್ನಿಸಿತು. ಇಂದಿಗೂ ನಾನು ಆ ಮಾತು ಮೊದಲೇ ನನ್ನೊಳಗಿತ್ತೋ, ಅವರ ಬಾಯಿಂದ ಕೇಳಿಯೇ ತಿಳಿದುಕೊಂಡೆನೋ ಎಂದು ಗೊಂದಲಗೊಳ್ಳುತ್ತೇನೆ.

ಸೋಮವಾರ ಬೆಳಿಗ್ಗೆ ಬಜಾರಿನಲ್ಲಿ ಅಂಗಡಿಗಳ ಹಲಗೆ ತೆಗೆಯುತ್ತಿದ್ದರು. ಗಲ್ಲಿಯ ತುದಿಯಲ್ಲಿ ಜೈನಬಿ ಓಡುತ್ತ ಬಂದಳು, ಆ ದಿನ ಮೊದಲ ಪಾಠ ಅವಳದೇ. ನಾವು ಕೈ ಹಿಡಿದು ನಡೆದೆವು. ಹೋಟೆಲಿನ ಬೆಂಚು ಖಾಲಿಯಿತ್ತು. ಟಿ.ಸಿ. ಕೊಡುತ್ತಾರೋ ಪುಸ್ತಕ ತೆಗೆಯಿರಿ ಎನ್ನುತ್ತಾರೋ ತಿಳಿಯದೆ ಬಿಗಿಹಿಡಿದ ನನ್ನ ಅಂಗೈಯಲ್ಲಿ ಬಳೆಚೂರೊಂದು ಚುಚ್ಚುತ್ತಿತ್ತು. ಮೊದಲ ಗಂಟೆ ಹೊಡೆಯುವ ಮೊದಲೇ ಓಬಳಪ್ಪ ಮೇಷ್ಟ್ರು ಮೇಜಿನ ಹಿಂದೆ ಕುಳಿತಿದ್ದರು. ಹೆಡ್ ಮೇಷ್ಟ್ರು ಬಾಗಿಲಿಗೆ ಬಂದು ನನ್ನನ್ನು ನೋಡಿದರು, ಅವರನ್ನು ನೋಡಿದರು. ಮೇಷ್ಟ್ರು ತಲೆ ಎತ್ತದೆ ಹಾಜರಿ ಪುಸ್ತಕ ತೆರೆದು ಹೆಸರು ಕರೆಯತೊಡಗಿದರು, ಒಂದಾದ ಮೇಲೊಂದು, ಪ್ರತಿದಿನದ ಹಾಗೆ.

"ಪುಟ್ಟರಂಗಮ್ಮ."

"ಹಾಜರ್ ಸಾರ್."

"ಶುಕ್ರವಾರ ಗೈರು. ಶನಿವಾರ ಗೈರು," ಎಂದರು ಅವರು ಕೆಂಪು ಶಾಯಿಯಲ್ಲಿ ಏನೋ ಬರೆಯುತ್ತ. "ಅದನ್ನೂ ನಿನ್ನ ಪುಸ್ತಕದಲ್ಲಿ ಬರ್ಕೋ. ಕಾರಣ ಸಮೇತ."

ಕ್ಲಾಸು ಗೊಳ್ಳೆಂದಿತು. ಹೆಡ್ ಮೇಷ್ಟ್ರು ಒಂದು ಸಲ ಕೆಮ್ಮಿ ತಿರುಗಿ ಹೋದರು.

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಗೋಣಿದಾರ ಸಡಿಲವಾಗಿದೆ, ಅಂಚುಗಳನ್ನು ಗೆದ್ದಲು ತಿಂದಿದೆ. ಊರಿನ ಕೋಳಿ, ಮುದ್ದೆ, ಚೊಂಬು ಎಲ್ಲವೂ ಇರುವ ಅದರಲ್ಲಿ ಅಲ್ಲಿಯವರೆಗೆ ನನ್ನ ವಿಷಯ ಒಂದು ಸಾಲೂ ಇಲ್ಲ. ಆ ಸೋಮವಾರದ ಪುಟದಲ್ಲಿ ಪೆನ್ಸಿಲು ಒತ್ತಿ ಬರೆದದ್ದು ಹಿಂದಿನ ಪುಟಕ್ಕೂ ಮೂಡಿದೆ. ಸೋಮವಾರ, ತೆಳು ಬಿಸಿಲು. ಮೇಷ್ಟ್ರು: ಗಂಟೆಗೆ ಮೊದಲು. ಜೈನಬಿ: ಹಳದಿ. ನಾನು: ಹಾಜರ್.